ಹೊಟ್ಟೆಯಲ್ಲಿ ನಿಂತ ತುತ್ತು

ನಾನು ಬಸುರಿ ಎಂದು ಗೊತ್ತಾದ ಮರುದಿನವೇ ಗೋಕಾಕದ ನಮ್ಮ ಓಣಿಯ ಹೆಂಗಸರು ಸ್ಟೀಲ್ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಎಣ್ಣೆಗಾಯಿ, ಹೋಳಿಗೆ, ಶೇಂಗಾ ಚಟ್ನಿ. ಮೊದಲ ಮುಚ್ಚಳ ತೆರೆದರೋ ಇಲ್ಲವೋ, ನಾನು ಬಚ್ಚಲಿಗೆ ಓಡಿದೆ. ನಮ್ಮ ನಂಜನಗೂಡಿನಲ್ಲಿ ಮೂರು ತಿಂಗಳು ತುಂಬುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಇಲ್ಲಿ ಬಸುರಿಯ ಬಾಯಿರುಚಿ ಇಡೀ ಓಣಿಯ ಜವಾಬ್ದಾರಿ.

ನನ್ನ ಗಂಡನಿಗೆ ಇಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿ ನಾವು ಬಂದು ಇನ್ನೂ ವರ್ಷವಾಗಿರಲಿಲ್ಲ. ಕೊಟ್ಟದ್ದನ್ನು ಬೇಡವೆನ್ನಲು ಅವರಿಗೆ ಸಂಕೋಚ. ಎಲ್ಲವನ್ನೂ ತಾವೇ ತಿಂದು, ಡಬ್ಬಿ ತೊಳೆದು, "ಅವಳಿಗೆ ತುಂಬಾ ಹಿಡಿಸ್ತು" ಎಂದು ಹಿಂದಿರುಗಿಸುತ್ತಿದ್ದರು. ಓಣಿ ಇನ್ನಷ್ಟು ಹುರುಪಿನಿಂದ ಅಡುಗೆ ಮಾಡಿತು. ಅವರ ಹೊಟ್ಟೆ ಮುಂದೆ ಬಂತು. ನನ್ನ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ನೀರು ಕುಡಿದರೂ ವಾಂತಿ. ಅಮ್ಮ ಫೋನಿನಲ್ಲಿ "ಬಸುರಲ್ಲಿ ಇದೆಲ್ಲ ಇದ್ದದ್ದೇ ಕಣೇ" ಎನ್ನುತ್ತಿದ್ದಳು. ನಾನೂ ನಂಬಿದ್ದೆ, ಒಂದು ಬೆಳಿಗ್ಗೆ ಅಂಗಳದಲ್ಲಿ ಕಣ್ಣು ಕತ್ತಲೆಗಟ್ಟಿ ಬೀಳುವವರೆಗೆ.

ಎಬ್ಬಿಸಿ ಆಟೋ ಹತ್ತಿಸಿದವರು ಪಕ್ಕದ ಮನೆಯ ಶಮ್‌ಶಾದ್ ಚಾಚಿ. ಡಾಕ್ಟರಮ್ಮ ತೂಕ ನೋಡಿ ಹುಬ್ಬು ಗಂಟಿಕ್ಕಿದರು.

"ಇದು ಬರೇ ಬಯಕಿ ವಾಂತಿ ಅಲ್ರಿ, ಬ್ಯಾನಿ. ತಡ್ಕೊಂಡು ಕುಂದ್ರೂದಲ್ಲ."

ಬೇನೆ ಎಂಬ ಮಾತು ಕೇಳಿ, ವಿಚಿತ್ರವೆಂದರೆ, ನನಗೆ ಸಮಾಧಾನವೇ ಆಯಿತು. ವಿಟಮಿನ್ ಕೊಟ್ಟು ಸಲೈನ್ ಏರಿಸಿದರು. "ಮಗುವಿಗೆ ಏನಾಗುತ್ತೆ?" ಎಂದೆ. ನನಗೆ ಬೇಕಿದ್ದ ಉತ್ತರ ಅದೊಂದೇ.

"ನಿಮ್ಮ ತೂಕ ಏರಲಿಲ್ಲಂದ್ರ ಕೂಸು ಸಣ್ಣದಾಗಬಹುದು. ಗುಳಗಿ ತಗೊಂಡು ಮತ್ತ ಏರಿದ್ರ ಬಹಳಷ್ಟು ಕೂಸು ಚಲೋನ ಬೆಳೀತಾವ. ನೋಡ್ಕೋತ ಇರೂಣು."

ಮನೆಗೆ ಬಂದಾಗ ಡಬ್ಬಿಗಳ ಗುಟ್ಟು ಬಯಲಾಯಿತು. ಚಾಚಿ ನನ್ನ ಗಂಡನನ್ನು ತರಾಟೆಗೆ ತೆಗೆದುಕೊಂಡರು. "ಏನ್ರಿ ಸರ, ನೀವ್ ಉಂಡು ಆಕಿ ಹೆಸರ ಹೇಳಿದ್ರಿ? ಖರೆ ಹೇಳಿದ್ರ ನಾವೇನ್ ಹೊಡೀತಿದ್ವಿ?"

ಅಂದಿನಿಂದ ಓಣಿಯಲ್ಲಿ ಪ್ರಯೋಗಗಳು ಶುರುವಾದವು. ನಮ್ಮ ಕಡೆ ಕಾಯಿಲೆಯವರಿಗೆ ಬಿಸಿ ಗಂಜಿ, ಮೆತ್ತಗಿನ ಅನ್ನ. ನನಗೋ ಅದರ ಹಬೆಯೇ ಆಗುತ್ತಿರಲಿಲ್ಲ. ಗುಳಿಗೆ ನುಂಗಿ ಸ್ವಲ್ಪ ಹೊತ್ತಿನ ಮೇಲೆ ಚಾಚಿ ಕೊಟ್ಟ ಕಡಕ್ ರೊಟ್ಟಿ, ಅಂದರೆ ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿಯ ಚೂರು, ಹೊಟ್ಟೆಯಲ್ಲಿ ನಿಂತಿತು. ಬಿಸಿಯಿಲ್ಲ, ವಾಸನೆಯಿಲ್ಲ, ಅದಕ್ಕೇ ಇರಬಹುದು ಎಂದರು ಡಾಕ್ಟರಮ್ಮ. ಆಮೇಲೆ ತಣ್ಣನೆಯ ಮಜ್ಜಿಗೆ ನಿಂತಿತು, ಬೇಯಿಸಿದ ಹೆಸರುಕಾಳು ನಿಂತಿತು, ಮೊಟ್ಟೆ ನಿಲ್ಲಲಿಲ್ಲ. "ಊಟ ಆತೇನ್ರಿ?" ಎನ್ನುವ ಓಣಿ ನನ್ನನ್ನು ಮಾತ್ರ "ಇವತ್ತ ಏನ ನಿಂತಿತವ್ವಾ?" ಎಂದು ಕೇಳುತ್ತಿತ್ತು. ಮೊದಮೊದಲು ನಾಚಿಕೆಯಾಗುತ್ತಿತ್ತು. ಬರಬರುತ್ತ ಉತ್ತರ ಕೊಡಲು ನಾನೇ ಕಾಯುತ್ತಿದ್ದೆ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂದು ಅಮ್ಮನ ಹಟ. ಡಾಕ್ಟರಮ್ಮ ಅಷ್ಟು ದೂರದ ಪಯಣ ಬೇಡವೆಂದರು. ಅಮ್ಮನೇ ಬಂದಳು. ಮಗಳು ಹುಟ್ಟಿದಳು, ತುಸು ಸಣ್ಣಗೆ, ಆದರೆ ವಾರ್ಡೆಲ್ಲ ಕೇಳುವಂತೆ ಅಳುತ್ತ. "ತೂಕ ಸಾಕ್ರಿ, ಕೂಸು ಗಟ್ಟಿ ಐತಿ" ಎಂದು ಡಾಕ್ಟರಮ್ಮ ಹೇಳಿದಾಗ ನಾನು ಬಿಕ್ಕಿಬಿಕ್ಕಿ ಅತ್ತೆ.

ಬಾಣಂತನಕ್ಕೆ ನಂಜನಗೂಡಿಗೆ ಹೊರಟ ದಿನ ಚಾಚಿ ಕಾರಿನ ಕಿಟಕಿಯಲ್ಲಿ ಕೈಹಾಕಿ ಕೂಸಿನ ಕೆನ್ನೆ ಮುಟ್ಟಿದರು. "ಲಗೂನ ಮನಿಗೆ ಬಾ ಮಗಳ."

ಕಾರು ಹೊರಟ ಮೇಲೆ ಅಮ್ಮ ಕೇಳಿದಳು, "ಈಗ ನಾವು ಹೋಗ್ತಿರೋದು ಮನೆಗೇ ಅಲ್ವೇನೇ?"

ಚಾಚಿಗೂ ಹೂಂ ಅಂದಿದ್ದೆ. ಅಮ್ಮನಿಗೂ ಹೂಂ ಅಂದೆ.