ಐದು ಸೆಕೆಂಡಿನವರು

ಕಾಲೇಜಿನ ಲ್ಯಾಬಿನಲ್ಲಿ ಮೂವತ್ತೆರಡು ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದ ನೌಕರರೊಬ್ಬರು ಬೆಳಗಿನ ಐದರಿಂದ ಏಳರವರೆಗೆ ಮಾತ್ರ ಒಂದು ಸಾಮ್ರಾಜ್ಯದ ಒಡೆಯರಾಗಿರುತ್ತಿದ್ದರು. ಏಳಾದ ಮೇಲೆ ನೀರಿನ ಮೋಟರು ಹಾಕುವುದು, ಕಸದ ಡಬ್ಬಿ ಹೊರಗಿಡುವುದು, ಹೆಂಡತಿಯ ಸ್ಕೂಟರಿನ ಸೀಟು ಒರೆಸುವುದು ಮುಂತಾದ ಪ್ರಜೆಗಳ ಕೆಲಸ ಶುರುವಾಗುತ್ತಿತ್ತು.

ಸಾಮ್ರಾಜ್ಯ ದೊಡ್ಡದೇನಲ್ಲ. ಕಂಪ್ಯೂಟರ್ ಪರದೆಯ ಬಲಗಡೆ ಮೇಲಿನ ಮೂಲೆ, ನಾಲ್ಕು ಬೆರಳು ಅಗಲ, ಎರಡು ಬೆರಳು ಎತ್ತರ. ‘ಹೊಸ ಪತ್ರ ಬಂದಿದೆ’, ‘ಬ್ಯಾಟರಿ ಮುಗಿಯುತ್ತಿದೆ’ ಎಂದು ತಿಳಿಸುವ ನೋಟಿಫಿಕೇಶನ್ ಚೌಕ ಮೂಡುವುದು ಅಲ್ಲೇ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಬೇಕಿದ್ದರೆ ಒಳಗೆ ಕೈಹಾಕಿ ತಿದ್ದಲೂಬಹುದಾದ ಒಂದು ಓಪನ್ ಸೋರ್ಸ್ ಡೆಸ್ಕ್‌ಟಾಪಿಗೆ, ಎಂದರೆ ಕಂಪ್ಯೂಟರ್ ತೆರೆದೊಡನೆ ಕಾಣುವ ಪರದೆಯ ವ್ಯವಸ್ಥೆಗೆ, ಆ ಚೌಕ ತೋರಿಸುವ ಪ್ರೋಗ್ರಾಮನ್ನು ಬರೆದವರು ಇವರು. ಹೆಸರು ‘ಚಿಟಿಕೆ’. ಹನ್ನೊಂದು ವರ್ಷದಿಂದ ಅದಕ್ಕೆ ತಂದೆ, ತಾಯಿ, ಡಾಕ್ಟರು, ಕಾವಲುಗಾರ ಎಲ್ಲವೂ ಅವರೇ.

ಚಿಟಿಕೆಗೆ ಒಂದು ಸಿದ್ಧಾಂತವಿತ್ತು. ಚೌಕ ಮೂಡಬೇಕು, ಐದು ಸೆಕೆಂಡು ನಿಲ್ಲಬೇಕು, ಹೋಗಬೇಕು. ಸದ್ದು ಮಾಡಬಾರದು, ಹಿಂದೆ ತಾನು ಹೇಳಿದ್ದರ ಪಟ್ಟಿ ಬಿಟ್ಟುಹೋಗಬಾರದು. ಇದನ್ನು ಅವರು ಎಷ್ಟು ಸಲ, ಎಷ್ಟು ಉದ್ದಕ್ಕೆ ಬರೆದು ಸಮರ್ಥಿಸಿದ್ದರೆಂದರೆ ಜೊತೆಯ ಸ್ವಯಂಸೇವಕರು ಅವರಿಗೆ ‘ಐದು ಸೆಕೆಂಡಿನವರು’ ಎಂದೇ ಹೆಸರಿಟ್ಟಿದ್ದರು. ಐದು ಸೆಕೆಂಡಿನ ಪರವಾಗಿ ಅವರು ಬರೆದದ್ದನ್ನು ಓದಿ ಮುಗಿಸಲು ಕಡಿಮೆಯೆಂದರೂ ನಲವತ್ತು ನಿಮಿಷ ಬೇಕಿತ್ತು.

ಸಿದ್ಧಾಂತದ ಬೇರು ಪುಸ್ತಕದಲ್ಲಿರಲಿಲ್ಲ. ಮೊದಲ ನೌಕರಿಯಲ್ಲಿ ಅವರು ಒಬ್ಬ ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಒಂಬತ್ತು ವರ್ಷ ಕೂತಿದ್ದರು. ಸಾಹೇಬರ ಮೇಜಿನ ಮೇಲೆ ಹಿತ್ತಾಳೆಯ ಬೆಲ್ಲು. ಕಿಟಕಿ ತೆರೆಯಲು ಟ್ರಿಣ್. ಮುಚ್ಚಲು ಟ್ರಿಣ್. ಒಂದು ದಿನ ಒಳಗೆ ಓಡಿದರೆ ಸಾಹೇಬರು, “ಏನಿಲ್ಲ, ಬೆಲ್ಲು ಸರಿಯಾಗಿದೆಯಾ ನೋಡ್ದೆ,” ಎಂದರಂತೆ. ಅಂದು ಸ್ಟೂಲಿಗೆ ವಾಪಸು ಬಂದು ಕೂತ ಹುಡುಗುಪ್ರಾಯದ ಮನುಷ್ಯ ಮನಸ್ಸಿನಲ್ಲೇ ಶಪಥ ಮಾಡಿದ್ದು, ತಾನು ಜನ್ಮದಲ್ಲಿ ಯಾರನ್ನೂ ಕೆಲಸದಿಂದ ಎಬ್ಬಿಸುವುದಿಲ್ಲ ಎಂದು. ಚಿಟಿಕೆ ಆ ಶಪಥದ ಕೂಸು. ಕೂಸಿನ ಬಗ್ಗೆ ಯಾರಾದರೂ ಕೊಂಕು ತೆಗೆದರೆ ಅವರ ಮೂಗಿನ ತುದಿ ಕೆಂಪಾಗುತ್ತಿತ್ತು.

ಕೊಂಕು ತೆಗೆದವರಲ್ಲಿ ಬೆನ್ನು ಬಿಡದವರೆಂದರೆ ಇನ್ನೂರ ಹನ್ನೆರಡನೆಯ ಅರ್ಜಿಯವರು. ಬಳಸುವವರು ತಮ್ಮ ಕಷ್ಟ ಬರೆದು ಹಾಕುವ ಪುಟದಲ್ಲಿ ಪ್ರತಿ ಅರ್ಜಿಗೂ ಒಂದು ನಂಬರು ಬೀಳುತ್ತದೆ. ಆರು ವರ್ಷದ ಹಿಂದೆ ದೂರದ ಊರಿನ ಗಡಿಯಾರ ರಿಪೇರಿಯವರೊಬ್ಬರು ಆ ನಂಬರಿನಲ್ಲಿ, ‘ಕೆಲವು ಚೌಕಗಳು ನಾನು ನೋಡುವವರೆಗೆ ನಿಂತಿದ್ದರೆ ಉಪಕಾರವಾಗುತ್ತದೆ’ ಎಂದು ಬರೆದಿದ್ದರು. ಐದು ಸೆಕೆಂಡಿನವರು ಒಂದೂವರೆ ಪುಟ ಉಪದೇಶ ಕೊಟ್ಟು ಅರ್ಜಿ ಮುಚ್ಚಿದರು. ಮರುವರ್ಷ ಅದೇ ಅರ್ಜಿಯ ಕೆಳಗೆ ಅದೇ ವಿನಯದ ಇನ್ನೊಂದು ಪತ್ರ. ಮೂರನೆಯ ವರ್ಷ ಇವರು ಓದುವ ಗೋಜಿಗೂ ಹೋಗದೆ ಆ ಅರ್ಜಿಯನ್ನು ಮ್ಯೂಟ್ ಮಾಡಿಬಿಟ್ಟರು. ಇನ್ನು ಅಲ್ಲಿ ಯಾರು ಏನು ಬರೆದರೂ ಇವರಿಗೆ ಸುದ್ದಿ ಬರುವಂತಿಲ್ಲ. ಆ ದಿನ ಅವರು ಹಾಯಾಗಿ ನಿದ್ದೆ ಮಾಡಿದರು.

ಹಾಯಾದ ನಿದ್ದೆ ಮೂರು ವರ್ಷ ನಡೆಯಿತು. ಒಂದು ಗುರುವಾರ ಲ್ಯಾಬಿನಲ್ಲಿ ಕೀಬೋರ್ಡು ತಲೆಕೆಳಗು ಮಾಡಿ ಧೂಳು ಕೊಡವುತ್ತಿದ್ದಾಗ ಫೋನು ಬಂತು. ಚಿಟಿಕೆಯ ಮಾತುಗಳನ್ನು ಬೇರೆ ಬೇರೆ ಭಾಷೆಗೆ ತರುವ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಿದ್ದ ಶಾಲೆಯ ಮೇಡಂ.

“ಅಣ್ಣಾ, ಇಷ್ಟು ತಣ್ಣಗೆ ಕೂತಿದೀರಲ್ಲ, ಮೆಚ್ಚಬೇಕು ನಿಮ್ಮನ್ನ.”

“ಯಾಕಮ್ಮಾ, ಏನಾಯ್ತು?”

“ಚಿಟಿಕೇನ ತೆಗೆದುಹಾಕ್ತಾರಂತೆ! ಹೊಸ ಡೆಸ್ಕ್‌ಟಾಪಲ್ಲಿ ಬೇರೆ ಯಾವುದೋ ಹಾಕ್ತಾರಂತೆ. ಶನಿವಾರ ಸಂಜೆ ಆರಕ್ಕೆ ಕೊನೆ. ಮೂರು ವಾರದಿಂದ ನಿಮ್ಮ ಉತ್ತರಕ್ಕೆ ಕಾಯ್ತಿದಾರೆ, ನೀವು ತುಟಿ ಬಿಚ್ಚಿಲ್ಲ.”

“ನನಗೆ ಯಾರೂ ಹೇಳೇ ಇಲ್ವಲ್ಲ!”

“ಹೇಳಿದಾರಲ್ಲಣ್ಣಾ. ಇನ್ನೂರ ಹನ್ನೆರಡರಲ್ಲಿ.”

ಐದು ಸೆಕೆಂಡಿನವರ ಕೈಯಲ್ಲಿದ್ದ ಕೀಬೋರ್ಡಿನಿಂದ ಎರಡು ಕೀಲಿಗಳು ಕಳಚಿ ನೆಲಕ್ಕೆ ಬಿದ್ದವು.

ಡೆಸ್ಕ್‌ಟಾಪಿನ ಬಿಡಿಭಾಗಗಳನ್ನೆಲ್ಲ ಒಟ್ಟು ಸೇರಿಸಿ ಹೊರತರುವ ತಂಡದವರು ಬರೆದದ್ದು ಚುಟುಕಾಗಿತ್ತು. ಈ ಅರ್ಜಿಯಂಥ ಬೇಡಿಕೆ ನೂರಾರು ಬಂದಿವೆ. ಚಿಟಿಕೆ ಇದಕ್ಕೊಂದು ದಾರಿ ಮಾಡದಿದ್ದರೆ ಅದರ ಜಾಗಕ್ಕೆ ಬೇರೆಯದು ಬರುತ್ತದೆ. ಅಷ್ಟೆ. ಹನ್ನೊಂದು ವರ್ಷದ ಬೆಳಗುಗಳಿಗೆ ಎರಡು ಸಾಲು.

ಮನೆಗೆ ಬಂದವರೇ ಚಪ್ಪಲಿ ಬಿಡುವುದನ್ನೂ ಮರೆತು ಉತ್ತರ ಬರೆಯಲು ಕೂತರು. ‘ಮಾನವನ ಏಕಾಗ್ರತೆಯ ಮೇಲೆ ನಡೆಯುತ್ತಿರುವ ಸಂಘಟಿತ ದಾಳಿಯ ಈ ಹೊತ್ತಿನಲ್ಲಿ’ ಎಂದು ಆರಂಭವಾದ ಪತ್ರ ಮೂರು ಪುಟವಾಯಿತು. ಆಸ್ಪತ್ರೆಯ ವಾರ್ಡಿನಲ್ಲಿ ಹಿರಿಯ ನರ್ಸಾಗಿದ್ದ ಹೆಂಡತಿ ಬೆಳಗಿನ ಪಾಳಿ ಮುಗಿಸಿ ಬಂದು, ಬಿಸಿನೀರಿನ ಬಕೆಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಅವಳಿಗೆ ಗಟ್ಟಿಯಾಗಿ ಓದಿ ಹೇಳಿದರು.

“ಮೂರು ಪುಟ ಯಾಕ್ರೀ?” ಎಂದಳು ಅವಳು. “ಆ ಗಡಿಯಾರದವರು ಏನು ಕೇಳಿದಾರೆ ಅದನ್ನ ಮೊದಲು ಓದಿ.”

“ಅದರಲ್ಲೇನಿದೆ? ಅದೇ ರಾಗ.”

“ರಾಗಾನೇ ಕೇಳಿಸಿ ಒಂದ್ಸಲ.”

ಓದಿದರು. ನಿಜ ಹೇಳಬೇಕೆಂದರೆ ಮ್ಯೂಟ್ ಮಾಡಿದ ಮೇಲೆ ಬಂದ ಪತ್ರಗಳನ್ನು ಅವರೂ ಓದುತ್ತಿದ್ದದ್ದು ಅದೇ ಮೊದಲು. ಗಡಿಯಾರದವರು ಬರೆದಿದ್ದರು: ‘ನನಗೆ ಕಿವಿ ಕೇಳಿಸುವುದಿಲ್ಲ. ಅಂಗಡಿಯ ಬಾಗಿಲು ತೆರೆದರೆ ಕಂಪ್ಯೂಟರಿನಲ್ಲಿ ಚೌಕ ಮೂಡುವಂತೆ ಮಗಳು ವೈರು ಎಳೆದು ಜೋಡಿಸಿಕೊಟ್ಟಿದ್ದಾಳೆ. ಆದರೆ ನಾನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗನ್ನು ಕೂರಿಸುತ್ತಿರುತ್ತೇನೆ. ನಡುವೆ ತಲೆ ಎತ್ತಿದರೆ ಸ್ಪ್ರಿಂಗು ಹಾರಿಹೋಗುತ್ತದೆ, ಆಮೇಲೆ ಅರ್ಧ ದಿನ ನೆಲ ಗುಡಿಸಬೇಕು. ಕೂರಿಸಿ ತಲೆ ಎತ್ತುವಷ್ಟರಲ್ಲಿ ಚೌಕ ಹೋಗಿರುತ್ತದೆ. ಬಂದವರು ಕರೆದು ಕರೆದು, ಇವನಿಗೆ ಸೊಕ್ಕು ಎಂದುಕೊಂಡು ವಾಪಸು ಹೋಗುತ್ತಾರೆ. ನನಗೆ ಸೊಕ್ಕಿಲ್ಲ ಎಂದು ಹೇಳಲಾದರೂ ಒಂದು ನಿಮಿಷ ಬೇಕಲ್ಲವೇ? ಸಂಜೆ ಏಳಕ್ಕೆ ಅಂಗಡಿ ಮುಚ್ಚಿದ ಮೇಲೆ ಪತ್ರಗಳನ್ನು ನೋಡುತ್ತೇನೆ. ಉತ್ತರಕ್ಕೆ ಅವಸರವಿಲ್ಲ.’

ಹೆಂಡತಿ ಬಕೆಟಿನಿಂದ ಒಂದು ಕಾಲೆತ್ತಿ ಗಂಡನ ಕಡೆ ತಿರುಗಿ ಕೂತಳು.

“ಅವರ ವಿಷಯ ಸರಿ,” ಎಂದರು ಐದು ಸೆಕೆಂಡಿನವರು. “ಆದರೆ ‘ತುರ್ತು ಇರೋದು ನಿಲ್ಲಲಿ’ ಅಂತ ಒಂದು ಸಲ ಬಾಗಿಲು ತೆಗೆದೆ ಅಂದ್ಕೋ, ಎಲ್ಲಾ ಪ್ರೋಗ್ರಾಮೂ ತುರ್ತು ಅಂತಾನೇ ಒಳಗೆ ನುಗ್ಗುತ್ತೆ. ಆಟದ ಪ್ರೋಗ್ರಾಮು ಬಂದು ‘ನಿಮ್ಮ ಕೋಳಿಗೆ ಹಸಿವಾಗಿದೆ, ತುರ್ತು’ ಅನ್ನುತ್ತೆ. ನಿನಗೆ ಇದರ ಸೂಕ್ಷ್ಮ ಗೊತ್ತಾಗಲ್ಲ.”

“ಹೌದು, ಗೊತ್ತಾಗಲ್ಲ. ಇಪ್ಪತ್ತಾರು ವರ್ಷದಿಂದ ಕರೆದಲ್ಲಿಗೆ ಓಡ್ತಿರೋಳು ನಾನು. ಸೂಕ್ಷ್ಮ ನಿಮಗೆ ಗೊತ್ತು.”

ಇಂಥ ಮಾತಿಗೆ ಉತ್ತರ ಕೊಡಬಾರದೆಂಬಷ್ಟು ಸಂಸಾರಜ್ಞಾನ ಅವರಿಗಿತ್ತು. ಅವಳೇ ಮುಂದುವರಿಸಿದಳು.

“ನಮ್ಮ ವಾರ್ಡಲ್ಲಿ ಹಾಸಿಗೆ ಪಕ್ಕ ಗುಂಡಿ ಇರುತ್ತೆ. ರೋಗಿ ಒತ್ತಿದರೆ ಬಾಗಿಲ ಮೇಲೆ ದೀಪ ಹತ್ತುತ್ತೆ. ಅದು ಕಿರುಚಲ್ಲ, ಹಾಗಂತ ಹೋಗೋದೂ ಇಲ್ಲ. ನಾನು ಹಾಸಿಗೆ ಹತ್ರ ಹೋಗಿ ಅಲ್ಲೇ ಆರಿಸಬೇಕು. ದೂರದಲ್ಲಿ ಕುರ್ಚಿ ಮೇಲೆ ಕೂತು ಆರಿಸೋ ಹಾಗಿಲ್ಲ.”

“ಸುಮ್ಮಸುಮ್ಮನೆ ಒತ್ತೋರು?”

“ಒತ್ತುತ್ತಾರೆ. ದಿಂಬು ಸರಿಸು ಅಂತ ಒತ್ತುತ್ತಾರೆ. ಆದರೆ ಗುಂಡಿ ಯಾರಿಗೆ ಕೊಡಬೇಕು ಅನ್ನೋದು ನಮ್ಮ ಕೈಲಿದೆಯಲ್ಲ. ಔಷಧಿ ಕಂಪನಿಯವರೂ ದಿನಾ ಬರ್ತಾರೆ, ಅವರಿಗೂ ತುರ್ತೇ. ಅವರಿಗೆ ಗುಂಡಿ ಕೊಟ್ಟಿದೀವಾ? ಬೆಂಚ್ ಮೇಲೆ ಕೂತಿರ್ತಾರೆ, ಟೈ ಸರಿಮಾಡ್ಕೊಂಡು.”

ಐದು ಸೆಕೆಂಡಿನವರು ಟವೆಲು ತರಲು ಎದ್ದವರು ನಡುಮನೆಯಲ್ಲೇ ನಿಂತುಬಿಟ್ಟರು. ಕಳಿಸುವವನು ತುರ್ತು ಎಂದು ಹಣೆಪಟ್ಟಿ ಹಚ್ಚಿದ ಮಾತ್ರಕ್ಕೆ ಚೌಕ ನಿಲ್ಲಬೇಕಿಲ್ಲ. ಯಾವುದು ನಿಲ್ಲಬೇಕೆಂದು ನೋಡುವವನು ಹೇಳಲಿ. ಗಡಿಯಾರದವರು ತಮ್ಮ ಬಾಗಿಲಿಗೆ ಗುಂಡಿ ಕೊಡಲಿ; ಕೋಳಿ ಬೆಂಚಿನ ಮೇಲೆ ಕೂತಿರಲಿ.

“ಟವೆಲ್ಲು!” ಎಂದು ಹೆಂಡತಿ ಕೂಗಿದ್ದು ಅವರಿಗೆ ಕೇಳಿಸಲಿಲ್ಲ.

ಶುಕ್ರವಾರ ರಜೆ ಹಾಕಿದರು. ಕಾರಣದ ಜಾಗದಲ್ಲಿ ‘ಕೌಟುಂಬಿಕ’ ಎಂದು ಬರೆದರು, ಸುಳ್ಳೇನಲ್ಲ. ಚೌಕದ ಬದಲು ಪರದೆಯ ಅಂಚಿನಲ್ಲಿ ಒಂದು ತೆಳು ಪಟ್ಟಿ, ಸದ್ದಿಲ್ಲದೆ, ಮುಟ್ಟುವವರೆಗೆ ಹೋಗದ ಪಟ್ಟಿ. ಹೇಳಿದಷ್ಟು ಸುಲಭವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಮೂಡಿತು, ಆದರೆ ಮುಟ್ಟಿದರೂ ಹೋಗಲಿಲ್ಲ. ಸಂಜೆ ಹೋಗತೊಡಗಿತು, ಹೋಗುವಾಗ ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನೂ ಕರೆದುಕೊಂಡು ಹೋಯಿತು. ಒಂದು ಹಂತದಲ್ಲಿ ನಲವತ್ತು ಪಟ್ಟಿಗಳು ಒಂದರ ಮೇಲೊಂದು ಬಿದ್ದು ಪರದೆ ಚಾಪೆಯಂತಾಯಿತು. ಎಲ್ಲ ಸರಿಹೋದಾಗ ಶನಿವಾರ ಬೆಳಗ್ಗೆ ಹತ್ತು.

ಇನ್ನೊಂದೇ ಮೆಟ್ಟಿಲು. ಅರ್ಜಿ ಹಾಕಿದವರೇ ಹೊಸ ಪ್ರತಿಯನ್ನು ಬಳಸಿ ನೋಡಿ ‘ಸರಿಯಿದೆ’ ಎಂದು ಬರೆಯದ ಹೊರತು ಯಾವ ಬದಲಾವಣೆಯನ್ನೂ ಚಿಟಿಕೆಗೆ ಸೇರಿಸುವಂತಿರಲಿಲ್ಲ. ಈ ನಿಯಮ ಮಾಡಿದವರು ಯಾರು? ಇವರೇ. ಮಾಡಿದಾಗ ಎದೆಯುಬ್ಬಿಸಿಕೊಂಡು ಅದರ ಮೇಲೂ ಒಂದು ಪ್ರಬಂಧ ಬರೆದಿದ್ದರು. ಗಡಿಯಾರದವರಿಗೆ ಪತ್ರ ಹಾಕಿದರು. ಮೂರು ಪ್ಯಾರಾ ಕ್ಷಮೆ, ಒಂದು ಪ್ಯಾರಾ ಸೂಚನೆ.

ಹನ್ನೊಂದಾಯಿತು, ಹನ್ನೆರಡಾಯಿತು, ಉತ್ತರವಿಲ್ಲ. ಆಗ ಅವರಿಗೆ ಹೊಳೆಯಿತು. ಅಲ್ಲಿ, ಆ ಅಂಗಡಿಯಲ್ಲಿ, ಪತ್ರ ಬಂದಿದೆ ಎಂದು ಚೌಕ ಮೂಡಿದೆ. ಐದು ಸೆಕೆಂಡು ನಿಂತಿದೆ. ಹೋಗಿದೆ. ಅವರು ಪತ್ರ ನೋಡುವುದು ಏಳಕ್ಕೆ. ಇಲ್ಲಿ ಬಾಗಿಲು ಮುಚ್ಚುವುದು ಆರಕ್ಕೆ.

ಮೇಡಂಗೆ ಫೋನು ಮಾಡಿದರು. ಅವರಿಗೆ ನಗು ತಡೆಯಲಾಗಲಿಲ್ಲ. “ನಿಯಮ ಒಂಚೂರು ಸಡಿಲ ಮಾಡಿ, ‘ಸರಿಯಿದೆ’ ಅಂತ ನಾನೇ ಬರೀತೀನಿ ಅಣ್ಣಾ.”

“ಬೇಡಮ್ಮ. ಆರು ವರ್ಷ ನಿಯಮ ತೋರಿಸಿ ಅವರನ್ನ ಹೊರಗೆ ನಿಲ್ಲಿಸಿದೆ. ಈಗ ನನಗೆ ಬೇಕಾದಾಗ ಸಡಿಲ ಮಾಡಿದರೆ ಹೇಗೆ?”

“ಚಿಟಿಕೆ ಹೋಗುತ್ತಲ್ಲಣ್ಣಾ.”

“ಹೋದರೆ ಹೋಗಲಿ,” ಎಂದರು.

ಮಧ್ಯಾಹ್ನ ಒಂದಕ್ಕೆ ಎರಡನೆಯ ಪತ್ರ ಹಾಕಿದರು. ಎರಡಕ್ಕೆ ಮೂರನೆಯದು. ಆಮೇಲೆ ಅರ್ಧ ಗಂಟೆಗೊಂದು, ಕಾಲು ಗಂಟೆಗೊಂದು. ಪಾಳಿ ಮುಗಿಸಿ ಬಂದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಗಂಡ ತುದಿಗಾಲ ಮೇಲೆ ಕೂತು ‘ಕಳಿಸು’ ಗುಂಡಿಯನ್ನು ಬೆರಳಿಂದ ಒತ್ತುತ್ತಿದ್ದರು. ಟ್ರಿಣ್ ಅನ್ನುವ ಸದ್ದೊಂದೇ ಇರಲಿಲ್ಲ.

“ಏನ್ ಸಾಹೇಬರೇ,” ಎಂದಳು, “ಕಿಟಕಿ ತೆಗೀಬೇಕಾ?”

ಅವರು ಸಾಯುವಷ್ಟು ನಾಚಿಕೊಂಡರು. ಆದರೂ ಬೆರಳು ತೆಗೆಯಲಿಲ್ಲ. ಆ ಸಾಹೇಬರಿಗೂ ಕೋಣೆಯಲ್ಲಿ ಒಬ್ಬರೇ ಕೂತು ಕೂತು, ಹೊರಗೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ದಿಗಿಲಾಗುತ್ತಿತ್ತೇನೋ ಎಂಬ ಯೋಚನೆ ಅವರಿಗೆ ಬಂದದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ಯೋಚನೆಯನ್ನು ಹೆಚ್ಚು ಬೆಳೆಸಲಿಲ್ಲ. ಸಾಹೇಬರ ಮೇಲಿನ ಸಿಟ್ಟು ಹಳೆಯ ಸ್ವೆಟರಿನಂತೆ, ಸುಲಭವಾಗಿ ಎಸೆಯುವಂಥದ್ದಲ್ಲ.

ಹನ್ನೊಂದನೆಯ ಪತ್ರದ ಹೊತ್ತಿಗೆ ಕ್ಷಮೆಯೂ ಹೋಗಿತ್ತು, ಸೂಚನೆಯೂ ಹೋಗಿತ್ತು. ಅವರ ಬದುಕಿನ ಅತಿ ಚಿಕ್ಕ ಬರವಣಿಗೆ ಅದು: ‘ದಯವಿಟ್ಟು ತಲೆ ಎತ್ತಿ.’

ಐದಕ್ಕೆ ಹತ್ತು ನಿಮಿಷವಿದ್ದಾಗ ಉತ್ತರ ಬಂತು. ‘ನೀರು ಕುಡಿಯಲು ತಲೆ ಎತ್ತಿದೆ, ನಿಮ್ಮ ಮಾತು ಕಾಣಿಸಿತು. ದೇವರೇ ಬರೆದನೇನೋ ಎಂದು ಹೆದರಿದೆ. ಹೊಸ ಪ್ರತಿ ಹಾಕಿಕೊಳ್ಳುತ್ತಿದ್ದೇನೆ.’

ಆಮೇಲಿನ ನಲವತ್ತು ನಿಮಿಷ ಗಂಡ ಹೆಂಡತಿ ಇಬ್ಬರೂ ಪರದೆಯ ಮುಂದೆ ಕೂತರು. ಅವಳು ಕಾಲಿಗೆ ನೀರು ಕಾಯಿಸಿಕೊಳ್ಳಲೂ ಏಳಲಿಲ್ಲ. ಐದೂವರೆಗೆ ಇನ್ನೂರ ಹನ್ನೆರಡರಲ್ಲಿ ಮತ್ತೊಂದು ಬರಹ ಬಂತು.

‘ಪರೀಕ್ಷೆಗೆ ಯಾರಾದರೂ ಬಾಗಿಲು ತೆರೆಯಲಿ ಎಂದು ಕಾದೆ. ಒಬ್ಬ ಅಜ್ಜಿ ಬಂದರು. ಆಗ ನನ್ನ ಚಿಮಟದಲ್ಲಿ ಸ್ಪ್ರಿಂಗಿತ್ತು. ಅಂಚಿನಲ್ಲಿ ಏನೋ ಬೆಳಗಿದ್ದು ಗೊತ್ತಾಯಿತು, ಆದರೆ ತಲೆ ಎತ್ತಲಿಲ್ಲ. ನಿಧಾನವಾಗಿ ಕೂರಿಸಿದೆ. ಎತ್ತಿ ನೋಡಿದರೆ ಪಟ್ಟಿ ಇನ್ನೂ ಇತ್ತು. ಅಜ್ಜಿಯೂ ಇದ್ದರು. ಸರಿಯಿದೆ. ಬಣ್ಣ ಮಾತ್ರ ಬಹಳ ಕೆಟ್ಟದಾಗಿದೆ.’

ಐದು ಸೆಕೆಂಡಿನವರು ಕನ್ನಡಕ ತೆಗೆದು ಒರೆಸಿಕೊಂಡರು. ಬದಲಾವಣೆಯನ್ನು ಸೇರಿಸಿದರು. ಆರಕ್ಕೆ ಹನ್ನೆರಡು ನಿಮಿಷ ಇರುವಾಗ ಡೆಸ್ಕ್‌ಟಾಪಿನ ತಂಡದವರು ‘ಒಪ್ಪಿದೆ, ಚಿಟಿಕೆ ಇರುತ್ತದೆ’ ಎಂದು ಬರೆದರು. ಅವರೂ ಬಣ್ಣದ ಬಗ್ಗೆ ಒಂದು ಮಾತು ಸೇರಿಸಿದ್ದರು.

“ಬಣ್ಣಕ್ಕೇನಾಗಿದೆ?” ಎಂದರು ಇವರು, ಮೂಗಿನ ತುದಿ ಕೆಂಪಾಗುತ್ತಾ. “ಅದಕ್ಕೊಂದು ಸಿದ್ಧಾಂತ ಇದೆ.”

“ಇರುತ್ತೆ, ಇರುತ್ತೆ,” ಎಂದು ಹೆಂಡತಿ ಎದ್ದಳು. “ಮೊದಲು ಆ ಮ್ಯೂಟು ತೆಗೀರಿ.”

ತೆಗೆದರು. ಮರುದಿನ ಬೆಳಗ್ಗೆ ಐದಕ್ಕೆ, ಸಾಮ್ರಾಜ್ಯದ ಹೊತ್ತಿನಲ್ಲಿ, ತಮ್ಮ ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದು, ನೋಡುವವರೆಗೆ ನಿಲ್ಲಬೇಕಾದವರ ಸಾಲಿಗೆ ಒಬ್ಬರ ಹೆಸರು ಸೇರಿಸಿದರು. ಆ ಹೆಸರಿನ ಸಂದೇಶಗಳು ಆಗಾಗ ವಾರ್ಡಿನಿಂದ ಬರುತ್ತಿದ್ದವು. ಏಳೂಮುಕ್ಕಾಲಿಗೆ ಪರದೆಯ ಅಂಚಿನಲ್ಲಿ ಆ ಕೆಟ್ಟ ಬಣ್ಣದ ಪಟ್ಟಿ ಮೂಡಿತು: ‘ಸ್ಕೂಟರ್ ಸೀಟು ಒರೆಸಿಲ್ಲ. ಸೀರೆ ಒದ್ದೆ.’

ಅವರು ಕನ್ನಡಕಕ್ಕಾಗಿ ಮೇಜೆಲ್ಲ ತಡಕಾಡಿದರು. ಸಿಗಲು ಎರಡು ನಿಮಿಷ ಹಿಡಿಯಿತು. ಪಟ್ಟಿ ಎಲ್ಲಿಗೂ ಹೋಗಿರಲಿಲ್ಲ.