ಮೂವತ್ತೊಂದು ಅಂದರೆ ಕೆಂಪು

ಊರಿನ ನೀರು ಸರಬರಾಜಿನ ಕಂಟ್ರೋಲ್ ರೂಮಿನಲ್ಲಿ ಅವನ ಹೆಸರೇ ಕುಶಲದಣ್ಣ ಎಂದಾಗಿಬಿಟ್ಟಿತ್ತು. ಬೆಳಿಗ್ಗೆ ಏಳಕ್ಕೆ ಕುರ್ಚಿಗೆ ಬಂದವನೇ ಫೋನೆತ್ತಿ, ಹದಿನೆಂಟು ಟ್ಯಾಂಕುಗಳ ಕಾವಲುಗಾರರನ್ನು ಒಬ್ಬೊಬ್ಬರಾಗಿ ಮಾತಾಡಿಸುವನು. "ಏನಪ್ಪಾ, ಮೊಣಕಾಲು ಹೆಂಗಿದೆ? ಮಗಳು ಪಾಸಾದ್ಲಾ? ಹಾಂ, ಮತ್ತೆ, ನೀರೆಷ್ಟಿದೆ?" ಇಂಥ ಒಳ್ಳೆಯ ಮನುಷ್ಯ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ನಿಜ ಹೇಳಬೇಕೆಂದರೆ, ಅದರಲ್ಲಿ ಒಳ್ಳೆಯತನದಷ್ಟೇ ಭಯವೂ ಇತ್ತು.

ಅವನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಹುಟ್ಟಿನಿಂದಲೇ ಹಾಗೆ. ಕೆಲಸಕ್ಕೆ ಸೇರಿದಾಗ ಗೋಡೆಯ ಮೇಲೆ ಮುಳ್ಳಿನ ಮೀಟರುಗಳಿದ್ದವು, ತೊಂದರೆಯಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವು ಹೋಗಿ ಕಂಪ್ಯೂಟರಿನ ಕಪ್ಪು ಪರದೆ ಬಂತು. ಒಂದು ಸಾಲು ಆಜ್ಞೆ ಟೈಪು ಮಾಡಿದರೆ ಟ್ಯಾಂಕುಗಳ ಹೆಸರುಗಳು ಮೂಡುತ್ತಿದ್ದವು. ನೀರು ತಗ್ಗಿದ್ದರೆ ಕೆಂಪು, ಸಾಕಷ್ಟಿದ್ದರೆ ಹಸಿರು. ಇವನ ಗುಟ್ಟು ಹೆಂಡತಿಯೊಬ್ಬಳಿಗೇ ಗೊತ್ತಿತ್ತು. ಅಂಗಿ ಆರಿಸಿಕೊಡುವವಳು ಅವಳೇ ತಾನೆ. "ಹೇಳಿಬಿಡಿ ಅಂದ್ರೆ ಕೇಳಲ್ಲ" ಎಂದು ಅವಳು. "ಹೇಳಿದ್ರೆ ಕುರ್ಚಿ ಹೋಗುತ್ತೆ ಕಣೇ" ಎಂದು ಇವನು. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಈ ವರ್ಷ ಹಳೆಯದನ್ನು ತೆಗೆದು ಹೊಸ ಕಂಪ್ಯೂಟರ್ ತಂದಿಟ್ಟ ಸೋಮವಾರವೇ ಪರದೆ ಕೆಟ್ಟಿತು. ಬಣ್ಣವೆಲ್ಲ ಮಾಯವಾಗಿ, ಪ್ರತಿ ಹೆಸರಿನ ಹಿಂದುಮುಂದು ಏನೇನೋ ಗುರುತು, ಅಂಕಿಗಳು ಮೂಡಿದ್ದವು. ಪಕ್ಕದ ಕುರ್ಚಿಯವನು ತಲೆ ಚಚ್ಚಿಕೊಂಡ. "ಏನಣ್ಣ ಇದು, ಇರುವೆ ಹರಿದಂಗಿದೆ."

ಕುಶಲದಣ್ಣ ಕಣ್ಣು ಕೀಲಿಸಿ ನೋಡಿದ. ನಾಲ್ಕು ಹೆಸರುಗಳ ಮುಂಚೆ 31 ಎಂದಿತ್ತು, ಮಿಕ್ಕ ಹದಿನಾಲ್ಕರ ಮುಂಚೆ 32. ಆ ನಾಲ್ಕಕ್ಕೂ ಫೋನ್ ಮಾಡಿದ. ನಾಲ್ಕರಲ್ಲೂ ನೀರು ತಗ್ಗಿತ್ತು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎಲ್ಲರಿಗೂ ಕೆಟ್ಟ ಪರದೆ ಅವನೊಬ್ಬನಿಗೆ ರಿಪೇರಿಯಾಗಿತ್ತು. ಮಂಗಳವಾರ, ಬುಧವಾರ ಅವನು ಫೋನ್ ಮುಟ್ಟಲಿಲ್ಲ. ಅಂಕಿ ಓದಿದ, ಪಂಪು ಹಾಕಿದ, ಸಿಳ್ಳೆ ಹೊಡೆಯುತ್ತ ಮನೆಗೆ ಹೋದ.

ಗುರುವಾರ ಕಂಪ್ಯೂಟರ್ ರಿಪೇರಿಯಾಕೆ ಬಂದಳು. ಹಿಂದೆಯೇ ಇಂಜಿನಿಯರ್ ಸಾಹೇಬರು. ಆಕೆ ಅದು ಇದು ಟೈಪು ಮಾಡಿ ನೋಡಿ ನಕ್ಕಳು. "ಬಣ್ಣ ಕಳಿಸೋ ಪ್ರೋಗ್ರಾಮು ಚೆನ್ನಾಗೇ ಇದೆ ಅಣ್ಣ. ಪಟ್ಟೀನ ಪುಟಪುಟವಾಗಿ ತೋರಿಸೋದು ಇನ್ನೊಂದಿದೆ, ಅದು ಬಣ್ಣದ ಗುರುತನ್ನ ಹಾಗೇ ಅಕ್ಷರವಾಗಿ ಉಗುಳ್ತಿದೆ. ಆಜ್ಞೆಗೆ ಒಂದಕ್ಷರ ಸೇರಿಸಿದ್ರೆ ಮುಗೀತು."

"ಸೇರಿಸಲೇಬೇಕಾ?" ಎಂದ ಕುಶಲದಣ್ಣ.

ಅಷ್ಟರಲ್ಲಿ ಆಕೆ ಸೇರಿಸಿಯಾಗಿತ್ತು. ಅಂಕಿಗಳು ಹೋದವು. "ಬಣ್ಣ ಸರಿಯಾಗಿ ಬಂತಾ? ಕೆಂಪು ಎಷ್ಟಿವೆ ಹೇಳಿ."

ಹದಿನೆಂಟು ಸಾಲೂ ಒಂದೇ ಥರ ಕಂಡವು. ಐದು ಎಂದು ಬಾಯಿಗೆ ಬಂದದ್ದು ಹೇಳಬಹುದಿತ್ತು. ಆದರೆ ತಪ್ಪಿದರೆ ಯಾವುದೋ ಬೀದಿಯ ನಲ್ಲಿಯಲ್ಲಿ ಬರೀ ಗಾಳಿ ಬರುವುದು.

"ನಂಗೆ ಕೆಂಪು, ಹಸಿರು ಗೊತ್ತಾಗಲ್ಲ ತಾಯಿ," ಎಂದ. "ಆ ಅಂಕಿಗಳೇ ಇರ್ಲಿ ಬಿಡಿ."

ಸಾಹೇಬರು ಕನ್ನಡಕ ತೆಗೆದರು. "ಹನ್ನೆರಡು ವರ್ಷದಲ್ಲಿ ನಿನ್ನ ಪಾಳಿಯಲ್ಲಿ ಒಂದು ಟ್ಯಾಂಕೂ ಬತ್ತಿಲ್ಲವಲ್ಲಯ್ಯ, ಅದು ಹೆಂಗೆ?"

"ದಿನಾ ಫೋನ್ ಮಾಡಿ ಕೇಳ್ತಿದ್ದೆ ಸರ್."

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ರಿಪೇರಿಯಾಕೆಯತ್ತ ತಿರುಗಿದರು. "ಬಣ್ಣದ ಜೊತೆ ಪದಾನೂ ಹಾಕಕ್ಕಾಗುತ್ತೇನಮ್ಮ? ಈ ಕುರ್ಚಿಗೆ ಇವನೇ ಬೇಕು."

"ಐದು ನಿಮಿಷ ಸರ್."

ಹೆಸರುಗಳ ಪಕ್ಕದಲ್ಲಿ 'ಕಡಿಮೆ', 'ಸಾಕು' ಎಂದು ಮೂಡಿದವು. ಹನ್ನೆರಡು ವರ್ಷದ ಭಯಕ್ಕೆ ಐದು ನಿಮಿಷದ ಔಷಧ! ಕುಶಲದಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದ.

ಆಗ ಫೋನ್ ಬಡಿದುಕೊಂಡಿತು. ಗುಡ್ಡದ ಟ್ಯಾಂಕಿನ ಕಾವಲುಗಾರ. "ಅಣ್ಣ, ಮೂರು ದಿನದಿಂದ ಫೋನೇ ಇಲ್ಲ, ಹುಷಾರಾಗಿದ್ದೀರಾ?" ಕೆಳಗಿಟ್ಟರೆ ಇನ್ನೊಬ್ಬ. ಮಧ್ಯಾಹ್ನದೊಳಗೆ ಹದಿನೆಂಟು ಜನರೂ ವಿಚಾರಿಸಿದರು.

ಮರುದಿನ ಏಳಕ್ಕೆ ಪರದೆಯ ಮೇಲೆ ಎಲ್ಲವೂ ಪದಗಳಲ್ಲೇ ಇತ್ತು. ಅವನು ಓದಿ ಮುಗಿಸಿ ಫೋನೆತ್ತಿದ.

"ಏನಪ್ಪಾ, ಮೊಣಕಾಲು ಹೆಂಗಿದೆ?"

"ಪರವಾಗಿಲ್ಲ ಅಣ್ಣ. ನೀರು ಅರ್ಧ ಇದೆ."

"ನೀರಿನ ಸುದ್ದಿ ಯಾರು ಕೇಳಿದ್ರು?" ಎಂದ ಕುಶಲದಣ್ಣ.