ಎಂಟನೆಯ ಶುಕ್ರವಾರ

ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಹಲಸೂರಿನ ನಮ್ಮ ಎರಡು ಕೋಣೆಯ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಕೆಂಪು ಸಿಮೆಂಟಿನ ನೆಲ, ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಪಟ, ಅದರ ಕೆಳಗೆ ಚಾಪೆಯಲ್ಲಿ ನನ್ನ ತಮ್ಮ ಅಂತು, ಅವನ ಎದೆಗೆ ಎಣ್ಣೆ ಸವರುತ್ತಾ ಬಾಯಲ್ಲೇ ಪ್ರಾರ್ಥನೆ ಹೇಳಿಕೊಳ್ಳುವ ಅಮ್ಮ. ಈಗ ಆ ಮನೆಯೂ ಇಲ್ಲ, ಆ ಓಣಿಯ ಗುರುತೂ ಇಲ್ಲ. ಅರವತ್ತರ ದಶಕದ ಆರಂಭದ ಮಾತು. ಅಂತುವಿಗೆ ಹುಟ್ಟಿನಿಂದಲೇ ಹೃದಯದಲ್ಲಿ ತೂತಿತ್ತು. ನಾಲ್ಕು ಹೆಜ್ಜೆ ನಡೆದರೆ ತುಟಿ ನೇರಳೆಹಣ್ಣು ತಿಂದವರ ಹಾಗಾಗಿ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದ. ಹಾಗೆ ಕೂತರೆ ಉಸಿರು ಹಿಂದಿರುಗುತ್ತದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅತ್ತರಂತೂ ಇನ್ನೂ ಕಷ್ಟ, ಆದ್ದರಿಂದ ಕೇಳಿದ್ದನ್ನೆಲ್ಲ ಕೊಡುತ್ತಿದ್ದೆವು. ನನ್ನ ಬಳಪ, ನನ್ನ ಬೊಂಬೆ, ಕ್ರಿಸ್‌ಮಸ್ಸಿನಲ್ಲಿ ನನ್ನ ಪಾಲಿನ ಕೇಕು, ಎಲ್ಲ ಅವನದೇ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಇನ್ನು ದೇವರ ಮೇಲೆ ಭಾರ ಹಾಕಿ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅಮ್ಮ ಮೊದಲ ಶುಕ್ರವಾರಗಳ ಹರಕೆ ಹೊತ್ತಳು. ಒಂಬತ್ತು ತಿಂಗಳು ಬಿಡದೆ, ಪ್ರತಿ ತಿಂಗಳ ಮೊದಲ ಶುಕ್ರವಾರ ಪೂಜೆಗೆ ಹೋಗಿ ಪ್ರಸಾದ ಸ್ವೀಕರಿಸಬೇಕು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. "ಹೃದಯದ ಕಾಯ್ಲೆ ಹೃದಯದ ಸ್ವಾಮೀನೇ ನೋಡ್ಬೇಕು," ಎನ್ನುತ್ತಿದ್ದಳು. ಒಂಬತ್ತು ಮುಗಿದರೆ ಮಗ ಉಳಿಯುತ್ತಾನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಮ್ಮ ಚರ್ಚಿನಲ್ಲಿ ಆಗ ಸಂಜೆಯ ಪೂಜೆ ಇರಲಿಲ್ಲ. ಅಪ್ಪ ಕಾರ್ಖಾನೆಯ ಮೊದಲ ಪಾಳಿಗೆ ಹೊರಟುಬಿಡುತ್ತಿದ್ದರು. ಅಮ್ಮ ಆರರ ಪೂಜೆ ಮುಗಿಸಿ ಬರುವ ತನಕ ಅಂತುವನ್ನು ಕಾಯುವವಳು ಹತ್ತು ವರ್ಷದ ನಾನು. ಏಳನೆಯ ಶುಕ್ರವಾರ ಅವನು ಎದ್ದು ಅಮ್ಮನಿಗಾಗಿ ಅತ್ತ, ಅಳುತ್ತಲೇ ಮೈಯೆಲ್ಲ ಕಪ್ಪಿಟ್ಟಿತು. ನಾನು ಅವನ ಮಂಡಿಗಳನ್ನು ಅವನ ಎದೆಗೇ ಒತ್ತಿ ಹಿಡಿದು ಕೂತೆ. ಅಮ್ಮ ಬರುವಷ್ಟರಲ್ಲಿ ಸರಿಹೋಗಿದ್ದ. ನಾನು ಬಾಯಿ ಬಿಡಲಿಲ್ಲ.

ಎಂಟನೆಯ ಶುಕ್ರವಾರ ಬೆಳಿಗ್ಗೆ, "ಅಮ್ಮಾ, ಹೊಟ್ಟೆನೋವು," ಎಂದೆ. ಅವನೊಂದಿಗೆ ಒಬ್ಬಳೇ ಇರಲು ನನಗೆ ಅಷ್ಟು ಭಯ. ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ಮುಖವನ್ನೇ ನೋಡಿದಳು. "ಸರಿ, ಮಲಕ್ಕೋ ರೀಟಾ," ಎಂದು ಚರ್ಚಿಗೆ ಹೊದೆಯುವ ತಲೆಮುಸುಕು ಮಡಿಸಿಟ್ಟು ಅಂತುವಿನ ಪಕ್ಕ ಉರುಳಿದಳು. ಚರ್ಚಿನ ಗಂಟೆ ಹೊಡೆದಾಗ ಅವಳಿಗೆ ಗಾಢ ನಿದ್ದೆ. ಮುಂದಿನ ತಿಂಗಳು ಮತ್ತೆ ಒಂದರಿಂದ ಶುರುಮಾಡಿದಳು. ಮೂರು ಮುಗಿದಿತ್ತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತ ಅಂತು ಮತ್ತೆ ಏಳಲಿಲ್ಲ. ಅಮ್ಮ ಉಳಿದ ಆರು ಶುಕ್ರವಾರಗಳನ್ನೂ ಮುಗಿಸಿದಳು. ಯಾಕೆಂದು ಕೇಳುವ ಧೈರ್ಯ ಅಪ್ಪನಿಗೂ ಬರಲಿಲ್ಲ. ನಾನು ಪಾಪನಿವೇದನೆಗೆ ಹೋಗಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಮೂರು ಸಲ ನಮೋ ಮರಿಯ ಪ್ರಾರ್ಥನೆ ಹೇಳು ಮಗು ಎಂದರು ಫಾದರ್. ಮೂರಕ್ಕೆ ಮುಗಿಯುವಂಥದ್ದೇ ಅದು? ನಿಮ್ಮ ಮನೆಯಲ್ಲೂ ಇಂಥ ಒಂದು ಮಾತು ಇದ್ದೀತು, ಎಲ್ಲರೂ ಅದನ್ನು ದಾಟಿಕೊಂಡು ಓಡಾಡುವಂಥದ್ದು.

ಎಪ್ಪತ್ತರ ದಶಕದ ಕೊನೆಗೆ ಅಮ್ಮ ಇಂದಿರಾನಗರದ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಳು. ಒಂದು ಸಂಜೆ ಕಾಲು ಒತ್ತುತ್ತಾ ಎಲ್ಲ ಹೇಳಿಬಿಟ್ಟೆ. ಅವಳು ಸೂರು ನೋಡುತ್ತಾ, "ಗೊತ್ತಿತ್ತು ಕಣೇ," ಎಂದಳು. "ನಿಂಗೆ ನಿಜವಾಗ್ಲೂ ನೋವು ಬಂದ್ರೆ ನೀನು ಗೋಡೆ ಕಡೆ ತಿರುಗ್ತಿದ್ದೆ. ಅವತ್ತು ನನ್ನೇ ನೋಡ್ತಿದ್ದೆ. ಎರಡು ಬೈದು ಹೋಗ್ಬಹುದಿತ್ತು. ನಂಗೇ ಸಾಕಾಗಿತ್ತು. ಒಂದಿನ ಮಲ್ಗೋಣ ಅನ್ನಿಸ್ತು."

ಇಷ್ಟು ವರ್ಷ ಅಮ್ಮ ಬಾಯಿಬಿಟ್ಟು ಹೇಳದೆಯೇ ನನ್ನನ್ನು ಕ್ಷಮಿಸಿದ್ದಾಳೆ ಎಂದುಕೊಂಡಿದ್ದೆ. ತನ್ನನ್ನೇ ಕ್ಷಮಿಸಿಕೊಳ್ಳಲಾಗದ ಅವಳಿಗೆ ಅದಕ್ಕೆ ಬಿಡುವೆಲ್ಲಿತ್ತು? ಹೋಗ್ಲಿ ಬಿಡಮ್ಮ ಎನ್ನಬೇಕಿತ್ತು, ಎನ್ನದೆ ಕಾಲು ಒತ್ತುತ್ತಲೇ ಇದ್ದೆ. ಅವಳೂ ನನಗೆ ಹಾಗೆನ್ನಲಿಲ್ಲ.